ನೀರು ಕೊಡಬೇಡಿ ಎನ್ನುವವರಿಗೆ

ವಾಂತಿಭೇದಿಯಾದವರಿಗೆ ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆಂಬ ಮಾತನ್ನು ಕೇಳುತ್ತಲೇ ಬೆಳೆದವನು ನಾನು. ಇಂದಿಗೂ ಕೆಲವು ಮನೆಗಳಲ್ಲಿ ಆ ಮಾತು ಕೇಳಿಬರುತ್ತದೆ. ತಪ್ಪು ನನ್ನದೂ ಇದೆ. ಕಾಲರಾ ರೋಗಾಣು ಕರುಳನ್ನೇ ತಿಂದುಹಾಕುತ್ತದೆಂದು ಎಷ್ಟೋ ವರ್ಷ ಪಾಠ ಹೇಳಿದೆ.

ವಾಸ್ತವ ಹಾಗಿಲ್ಲ. ಈ ರೋಗಾಣು ತನ್ನ ಸೂಕ್ಷ್ಮ ಎಳೆಗಳ ನೆರವಿನಿಂದ ಸಣ್ಣ ಕರುಳಿನಲ್ಲಿ ನೆಲೆಯೂರುತ್ತದೆ, ಜೀವಕೋಶದೊಳಗೆ ನುಗ್ಗುವುದಿಲ್ಲ. ಹೊರಗಿದ್ದೇ ವಿಷವನ್ನು ಸ್ರವಿಸುತ್ತದೆ. ರೋಗಾಣುಗಳನ್ನು ಸೋಸಿ ತೆಗೆದ ದ್ರವವೊಂದೇ ಮೊಲದ ಕರುಳಿನಲ್ಲಿ ನೀರು ತುಂಬಿಸಬಲ್ಲದೆಂದು 1959ರಲ್ಲಿ ಕಲ್ಕತ್ತೆಯ ಶಂಭುನಾಥ ಡೇ ತೋರಿಸಿಕೊಟ್ಟರು. ವಿಷದ ಒಂದು ಭಾಗ ಕೋಶದೊಳಗೆ ಸೇರಿ, ಲವಣ ಹೊರಹೋಗುವ ಬಾಗಿಲನ್ನು ಸದಾ ತೆರೆದಿಡುತ್ತದೆ. ಲವಣದ ಬೆನ್ನಿಗೇ ನೀರೂ ಹರಿದುಹೋಗುತ್ತದೆ.

ಆದರೆ ಸಕ್ಕರೆ, ಉಪ್ಪುಗಳನ್ನು ಒಟ್ಟಿಗೆ ಒಳಗೆಳೆದುಕೊಳ್ಳುವ ಇನ್ನೊಂದು ಬಾಗಿಲು ಕೆಟ್ಟಿರುವುದಿಲ್ಲ! ಅವುಗಳೊಡನೆ ನೀರೂ ಒಳಬರುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ, ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಡಾ. ದಿಲೀಪ್ ಮಹಾಲನೊಬಿಸ್ ಈ ನೀರನ್ನೇ ಕುಡಿಸಿದರು. ಸುಮಾರು ಶೇ. 30ರಷ್ಟಿದ್ದ ಸಾವಿನ ಪ್ರಮಾಣ ಶೇ. 4ಕ್ಕಿಂತ ಕೆಳಗಿಳಿಯಿತು.

ರೋಗಾಣುವಿನ ಹೆಸರನ್ನು ಬಾಯಿಪಾಠ ಮಾಡಿಸಿದರೆ ವಿಜ್ಞಾನ ಕಲಿಸಿದಂತಾಗದು. ಈ ಎರಡು ಬಾಗಿಲುಗಳ ಕಥೆಯನ್ನು ಮಕ್ಕಳಿಗೆ ತಿಳಿಸಬೇಕು. ಆಗ "ನೀರು ಕೊಡಬೇಡ" ಎನ್ನುವ ಅಜ್ಜಿಗೆ ಮೊಮ್ಮಗಳು ವಿನಯದಿಂದಲೇ ಉತ್ತರಿಸಿ, ಓಆರ್‌ಎಸ್ ಪೊಟ್ಟಣವನ್ನು ಅಳತೆಯ ಶುದ್ಧ ನೀರಿನಲ್ಲಿ ಕದಡಿ ಕುಡಿಸಿಯಾಳು. ವೈದ್ಯರ ಬಳಿಗೆ ಹೋಗುವವರೆಗೆ ಜೀವ ಉಳಿದೀತು.