ಬೀಡಿಯ ದುಡ್ಡು, ಕಂಪ್ಯೂಟರ್ ಸೀಟು

ಬಂಟ್ವಾಳ, ಬೆಳ್ತಂಗಡಿಗಳ ಎಷ್ಟೋ ಹೆಣ್ಣುಮಕ್ಕಳ ಕಾಲೇಜು ಫೀಸು ಹುಟ್ಟಿದ್ದು ತಾಯಂದಿರು ಕಟ್ಟಿದ ಬೀಡಿಯಿಂದ. ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ. ಎಣಿಕೆಯಲ್ಲಿ ತಿರಸ್ಕಾರವಾದರೆ ನಷ್ಟ ಅವಳದೇ. ಆ ದುಡ್ಡು ಹಿಡಿದು ಮೂಡಬಿದಿರೆಗೆ ಹೋದರೆ ಎಲ್ಲರದೂ ಒಂದೇ ಮಂತ್ರ: ಕಂಪ್ಯೂಟರ್ ಸೈನ್ಸ್.

ಆದರೆ 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ಹೊಸಬರಿಗೆ ಕೊಡುತ್ತಿದ್ದ ಸಣ್ಣಪುಟ್ಟ ಪ್ರೋಗ್ರಾಂಗಳನ್ನು ಯಂತ್ರವೇ ಬರೆಯುತ್ತಿದೆ. ಈಗ ಕೋರ್ಸಿನ ಹೆಸರಿಗೆ ‘ಎಐ’ ಅಂಟಿಸಿ ಸೀಟು ಮಾರುತ್ತಾರೆ. ಹೆಸರು ಬದಲಾದರೆ ಕಲಿಸುವ ರೀತಿ ಬದಲಾಯಿತೇ? ಯಂತ್ರದ ತಪ್ಪು ಹಿಡಿಯಲು ಗಣಿತ ಬೇಕು, ತರ್ಕ ಬೇಕು, ತಿಳಿದದ್ದನ್ನು ಸ್ವಂತ ಮಾತಿನಲ್ಲಿ ಹೇಳುವ ಭಾಷೆ ಬೇಕು. ಗೈಡು ಉರುಹೊಡೆದರೆ ಇವು ಬರುವುದಿಲ್ಲ.

ತಾಯಂದಿರೇ, ಅಡ್ಮಿಷನ್ ದಿನ ಹಾಸ್ಟೆಲಿನ ಊಟವನ್ನಷ್ಟೇ ವಿಚಾರಿಸಬೇಡಿ. ಕಲಿಸುವವರು ಯಾರು, ಕಳೆದ ವರ್ಷ ಎಷ್ಟು ಮಂದಿಗೆ ಎಂಥ ಕೆಲಸ ಸಿಕ್ಕಿತು ಎಂದು ಕೇಳಿ. ನಿಮ್ಮ ಬೀಡಿಯನ್ನು ಎಣಿಸದೆ ಯಾರೂ ಕೂಲಿ ಕೊಡಲಿಲ್ಲ. ನೀವೇಕೆ ಕೇಳದೆ ಫೀಸು ಕಟ್ಟಬೇಕು?