ಹಾಡಿನೊಳಗಿನ ಊರು ಪಾಠಕ್ಕೂ ಬರಲಿ

ಬೋಧನಾಭ್ಯಾಸದ ಪಾಠಯೋಜನೆಗಳಲ್ಲಿ ಪೀಠಿಕೆಗೆ ಹಾಡು ಬಳಸುವುದು ರೂಢಿ. ಹಾಡು ಮುಗಿದ ಕೂಡಲೇ ಶೀರ್ಷಿಕೆ ಬರೆದು ಮುಂದೆ ಹೋಗುತ್ತೇವೆ. ಹಾಡಿನಲ್ಲಿ ಬರುವ ಊರು, ನದಿ, ಸೇತುವೆಯ ಹೆಸರನ್ನೂ ಪ್ರಶ್ನೆಯಾಗಿಸಬೇಕು ಎಂಬುದು ನನ್ನ ಅಭಿಪ್ರಾಯ.

ನಮ್ಮ ಶಿಶುವಿಹಾರಗಳಲ್ಲೂ ಕೇಳಿಬರುವ ‘ಲಂಡನ್ ಬ್ರಿಡ್ಜ್’ ಶಿಶುಗೀತೆಯನ್ನೇ ನೋಡಿ. ಥೇಮ್ಸ್ ನದಿಗೆ 1209ರಲ್ಲಿ ಕಟ್ಟಿ ಮುಗಿಸಿದ ಕಲ್ಲಿನ ಸೇತುವೆ 600 ವರ್ಷಕ್ಕೂ ಹೆಚ್ಚು ಕಾಲ ನಿಂತಿತ್ತು. ಅದರ ಒತ್ತೊತ್ತಾದ ಕಂಬಗಳು ನೀರಿನ ಓಟವನ್ನು ತಡೆಯುತ್ತಿದ್ದವು. ಕಡುಚಳಿಯಲ್ಲಿ ನದಿ ಹೆಪ್ಪುಗಟ್ಟಲು ಅದೂ ಒಂದು ಕಾರಣ. 1831ರಲ್ಲಿ ತೆರೆದ ಹೊಸ ಸೇತುವೆ ತನ್ನ ಭಾರಕ್ಕೆ ನಿಧಾನವಾಗಿ ನದಿತಳದೊಳಗೆ ಇಳಿಯತೊಡಗಿತು. 1968ರಲ್ಲಿ ಅದನ್ನು ಅಮೆರಿಕದ ಉದ್ಯಮಿಯೊಬ್ಬರು ಕೊಂಡರು. ಅದರ ಹೊರಮೈಯ ಕಲ್ಲುಗಳು ಈಗ ಅರಿಜೋನಾದ ಲೇಕ್ ಹವಾಸು ನಗರದಲ್ಲಿವೆ. ಲಂಡನ್ನಿನಲ್ಲಿ ಇಂದಿರುವುದು 1973ರ ಕಾಂಕ್ರೀಟ್ ಸೇತುವೆ.

8ನೇ ತರಗತಿಯ ‘ಬಲ ಮತ್ತು ಒತ್ತಡ’ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಬೇಕೆ? ಭಾರ ಅಷ್ಟೇ ಇದ್ದು ತಳಪಾಯ ಅಗಲವಾಗಿದ್ದರೆ ಏನಾಗುತ್ತಿತ್ತು ಎಂದು ಕೇಳೋಣ. ಒತ್ತಡಕ್ಕೂ ವಿಸ್ತೀರ್ಣಕ್ಕೂ ಇರುವ ನಂಟು ಸೂತ್ರಕ್ಕಿಂತ ಮೊದಲೇ ಮಕ್ಕಳಿಗೆ ಹೊಳೆಯಬಹುದು.

ಒಂದು ಎಚ್ಚರ: ಹಾಡು 1831ಕ್ಕಿಂತ ಹಳೆಯದು. ತಳಕ್ಕಿಳಿದ ಈ ಸೇತುವೆಯೇ ಹಾಡಿನದು ಎಂದು ಮಕ್ಕಳಿಗೆ ಹೇಳಬಾರದು.

40 ನಿಮಿಷದ ಅವಧಿಯಲ್ಲಿ ಇದಕ್ಕೆ ಸಮಯವೆಲ್ಲಿ ಎನ್ನಬಹುದು. ಹಾಡಿಗೆ ಕೊಡುವ 5 ನಿಮಿಷದಲ್ಲೇ 2 ನಿಮಿಷ ಪ್ರಶ್ನೆಗೆ ಬಿಟ್ಟರಾಯಿತು. ಪಾಠವೀಕ್ಷಣೆ ಮಾಡುವ ಗುರುಗಳಲ್ಲೂ ಒಂದು ಕೋರಿಕೆ: ಪೀಠಿಕೆ ಆಸಕ್ತಿ ಹುಟ್ಟಿಸಿತೇ ಎಂಬುದರ ಜೊತೆಗೆ, ಅದು ಪರಿಕಲ್ಪನೆಯವರೆಗೆ ಕರೆದೊಯ್ದಿತೇ ಎಂಬುದಕ್ಕೂ ಅಂಕವಿರಲಿ.