ಅಗಣಿ ಹಾಕದ ಪಂಜರ

ಪಂಜರವನ್ನು ಕಟ್ಟುವುದರಲ್ಲಿ ಮನುಷ್ಯನು ಎಷ್ಟು ಜಾಣನೋ ಅದರ ಬಾಗಿಲಿಗೆ ಅಗಣಿ ಹಾಕುವುದರಲ್ಲಿ ಅಷ್ಟೇ ಮರೆಗುಳಿ. ಈ ಮಾತು ನನಗೆ ಯಾವ ಗ್ರಂಥದಿಂದಲೂ ದೊರೆತುದಲ್ಲ. ಬೀದರ ನಗರದ ಹಳೆಯ ಓಣಿಯಲ್ಲಿರುವ ನಮ್ಮ ಮನೆಯಿಂದ ಯುಗಾದಿಯ ಮರುವಾರ ಒಂದು ಹ್ಯಾಮ್‌ಸ್ಟರ್ ಓಡಿಹೋದಾಗ ಹೊಳೆದುದು.

ಅದೇನು ಪ್ರಾಣಿಯೆಂದು ಕೇಳುವ ಹಿರಿಯರಿಗೆ ಇಷ್ಟು ಹೇಳಿದರೆ ಸಾಕು: ಅದು ಇಲಿಯ ದಾಯಾದಿ. ಬಾಲ ಮೋಟು, ಮೈ ಹೊಂಬಣ್ಣ, ಕೆನ್ನೆಗಳೊಳಗೆ ಕಾಳು ತುಂಬಿಕೊಳ್ಳಲು ಎರಡು ಚೀಲ. ಹಗಲೆಲ್ಲ ನಿದ್ದೆ, ಇರುಳೆಲ್ಲ ಓಡಾಟ. ನನ್ನ ಮೊಮ್ಮಗನ ಹುಟ್ಟುಹಬ್ಬಕ್ಕೆ ಅವನ ಸೋದರಮಾವನು ಹೈದರಾಬಾದಿನಿಂದ ತಂದುಕೊಟ್ಟಿದ್ದನು. ಅದಕ್ಕೆ ನೀರು ಹಾಕಿ ಬಾಗಿಲು ಮುಚ್ಚದೆ ಬಂದವನು ನಾನೇ. ಪತ್ರಿಕೆ ಓದುವ ಅವಸರ. ಬೆಳಗಾದಾಗ ಪಂಜರ ಬರಿದಾಗಿತ್ತು.

“ಮುತ್ಯಾ, ಅದು ತಿರಿಗಿ ಬರ್ತದೇನು?” ಎಂದು ಹುಡುಗನು ಕೇಳಿದನು. ನಲವತ್ತು ವರ್ಷ ಪಾಠ ಹೇಳಿದ ನನ್ನಲ್ಲಿ ಉತ್ತರವಿರಲಿಲ್ಲ.

ಮೂರು ದಿನ ಹುಡುಕಿದೆವು. ಆ ಮೂರು ದಿನಗಳಲ್ಲಿ ಸಂಗತಿ ಬಂಧುಮಿತ್ರರಿಗೆಲ್ಲ ತಿಳಿದು, ನನಗೆ ಎರಡು ಬಗೆಯ ಸಮಾಧಾನಗಳು ದೊರೆತವು. ಔರಾದಿನಲ್ಲಿ ಒಕ್ಕಲುತನ ಮಾಡುವ ನನ್ನ ತಮ್ಮನು ಫೋನಿನಲ್ಲಿ ಬಿದ್ದು ಬಿದ್ದು ನಕ್ಕನು. “ಅಣ್ಣಾ, ನಾವು ತೊಗರಿ ಚೀಲ ಕಾಯ್ಲಿಕ್ಕೆ ಇಲಿಗೆ ಪಾಷಾಣ ಇಡ್ತೀವಿ, ನೀವು ಇಲಿ ಹೋತಂತ ಅಳ್ತೀರಿ!” ಎಂದನು. ಭಾಲ್ಕಿಯಲ್ಲಿ ನನ್ನೊಡನೆ ಪಾಠ ಹೇಳುತ್ತಿದ್ದ ಹಳೆಯ ಗೆಳೆಯರಾದರೋ ಕವಿಹೃದಯದವರು. “ಹೋಗಲಿ ಬಿಡಿ ಸರ್, ಒಂದು ಜೀವ ಬಂಧನದಿಂದ ಬಿಡುಗಡೆ ಹೊಂದಿತು. ಅಳುವುದಕ್ಕಿಂತ ಹರಸುವುದು ಮೇಲು” ಎಂದರು.

ತಮ್ಮನ ಮಾತು ಕಠಿಣ, ಗೆಳೆಯರ ಮಾತು ಕೋಮಲ. ಆದರೆ ವಿಚಾರ ಮಾಡುತ್ತ ಹೋದಂತೆ, ಎರಡರಲ್ಲಿ ಕೋಮಲವಾದುದೇ ಹೆಚ್ಚು ಅಪಾಯದ್ದೆಂದು ನನಗೆ ತೋರಿತು.

ಗಿಳಿಯ ಪಂಜರದ ಬಾಗಿಲು ತೆರೆದರೆ ಹೊರಗೆ ಅದರ ಬಳಗವಿದೆ, ಅದರ ಮರವಿದೆ. ಹ್ಯಾಮ್‌ಸ್ಟರಿಗೆ ಬೀದರಿನಲ್ಲಿ ಯಾರಿದ್ದಾರೆ? ಅದರ ಚರಿತ್ರೆಯನ್ನು ನೋಡಬೇಕು. 1930ರಲ್ಲಿ ಜೆರುಸಲೇಮಿನ ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿಯವರು ಸಿರಿಯಾದ ಅಲೆಪ್ಪೊ ಪ್ರಾಂತದ ಹೊಲವೊಂದರಲ್ಲಿ ಬಿಲವನ್ನು ಅಗೆಯಿಸಿ, ಒಂದು ತಾಯಿಯನ್ನೂ ಅದರ ಮರಿಗಳನ್ನೂ ಹಿಡಿದು ತಂದರು. ಕಾಳಾ ಆಜಾರ್ ಮೊದಲಾದ ರೋಗಗಳ ಸಂಶೋಧನೆಯಲ್ಲಿ ತೊಡಗಿದ್ದ ಸಾಲ್ ಆಡ್ಲರ್ ಎಂಬ ವಿಜ್ಞಾನಿಗೆ ಅವು ಬೇಕಾಗಿದ್ದವು. ತಂದ ಮರಿಗಳಲ್ಲಿ ಹಲವು ಗೂಡಿನ ಮರದ ತಳವನ್ನೇ ಕಡಿದು ಪರಾರಿಯಾದವು. ಉಳಿದವು ಬೆರಳೆಣಿಕೆಯಷ್ಟು. ಇಂದು ಲೋಕದ ಮನೆಮನೆಗಳಲ್ಲಿರುವ ಹೊಂಬಣ್ಣದ ಹ್ಯಾಮ್‌ಸ್ಟರುಗಳು ಬಹುಮಟ್ಟಿಗೆ ಆ ಉಳಿದವುಗಳ ಸಂತಾನ. ಕಾಡುಜಾತಿಯಾಗಿ ಅದು ಇರುವುದು ಸಿರಿಯಾ–ತುರ್ಕಿಗಳ ಗಡಿಯ ಹೊಲಗಳಲ್ಲಿ ಮಾತ್ರ. ಅಲ್ಲಿಯೂ ಅಳಿವಿನ ಭಯವಿರುವ ಪ್ರಾಣಿಗಳ ಪಟ್ಟಿಯಲ್ಲಿ ಸೇರಿದೆ.

ಗರ್ಭ ನಿಂತ 16 ದಿನಗಳಿಗೆ ಮರಿ ಹಾಕಿ, ಎರಡು ಮೂರು ವರ್ಷಗಳಲ್ಲಿ ಬಾಳನ್ನು ಮುಗಿಸುವ ಪ್ರಾಣಿಗೆ ತೊಂಬತ್ತು ವರ್ಷಗಳೆಂದರೆ ನೂರಾರು ತಲೆಮಾರು. ಅಷ್ಟು ತಲೆಮಾರು ಹಗೆಯನ್ನು ಕಾಣದೆ, ಆಹಾರವನ್ನು ಹುಡುಕದೆ ಕಳೆದ ಜೀವಕ್ಕೆ ನಮ್ಮ ಓಣಿಯಲ್ಲಿ ಕಾದಿರುವುದೇನು? ಬೆಕ್ಕು, ಮುಂಗುಸಿ, ಕೇರೆ ಹಾವು, ಕೋಟೆಯ ಗೋಡೆಗಳ ಸಂದಿಯಿಂದ ಇರುಳು ಹೊರಡುವ ಗೂಗೆ. ಇವೆಲ್ಲದರ ಮೇಲೆ ನಮ್ಮ ಬೇಸಿಗೆ. ಮುಕ್ತಿಯೆಂಬ ದೊಡ್ಡ ಮಾತನ್ನು ಇಂತಹ ಸಾವಿಗೆ ಹೊದಿಸುವುದು ಸರಿಯೆ? ಬಿಟ್ಟವನ ಮನಸ್ಸಿಗೆ ಅದರಿಂದ ನೆಮ್ಮದಿ ದೊರೆಯಬಹುದು. ಬಿಡಲ್ಪಟ್ಟ ಜೀವಕ್ಕೆ ಏನೂ ದೊರೆಯುವುದಿಲ್ಲ.

ಓಡಿಹೋದ ಪ್ರಾಣಿಯು ಬದುಕಿಕೊಂಡರೆ ಒಳಿತಲ್ಲವೆ ಎಂದು ಕೇಳಬಹುದು. ಅದಕ್ಕೂ ನಿದರ್ಶನಗಳಿವೆ. ದಕ್ಷಿಣ ಅಮೆರಿಕದ ಕಾಯ್ಪು ಎಂಬ ದೊಡ್ಡ ನೀರಿಲಿಯನ್ನು ತುಪ್ಪುಳಿಗಾಗಿ 1929ರಲ್ಲಿ ಇಂಗ್ಲೆಂಡಿಗೆ ತಂದರು. ದೊಡ್ಡಿಗಳಿಂದ ತಪ್ಪಿಸಿಕೊಂಡವು ಪೂರ್ವಸೀಮೆಯ ಜವುಗು ನೆಲದಲ್ಲಿ ಹಬ್ಬಿ, ಹೊಳೆಗಳ ದಂಡೆಯನ್ನು ಕೊರೆದು, ಬೆಳೆಯನ್ನು ತಿಂದವು. ಸರಕಾರವು ಬೋನುಗಾರರ ಪಡೆಯನ್ನೇ ಕಟ್ಟಿ ಅವನ್ನು ನಿರ್ಮೂಲ ಮಾಡಿತೆಂದು ಸಾರಿದ್ದು 1989ರಲ್ಲಿ. 1905ರಲ್ಲಿ ಪ್ರಾಗ್ ನಗರದ ಬಳಿ ಬಿಟ್ಟ ಕೆಲವೇ ಕಸ್ತೂರಿ ಇಲಿಗಳ ಸಂತತಿ ಯುರೋಪನ್ನೆಲ್ಲ ಆವರಿಸಿತು. ಹಾಲೆಂಡಿನವರು ತಮ್ಮ ಒಡ್ಡುಗಳನ್ನು ಉಳಿಸಿಕೊಳ್ಳಲು ಅವನ್ನು ಹಿಡಿಯುತ್ತಲೇ ಇದ್ದಾರೆ. ಪರದೇಶದ ಪ್ರಾಣಿ ಓಡಿಹೋದರೆ ಒಂದೋ ಅದು ಸಾಯುತ್ತದೆ, ಇಲ್ಲವೇ ಗೆದ್ದು, ಆ ಗೆಲುವಿಗಾಗಿ ಸಾವಿರಗಟ್ಟಲೆ ಕೊಲ್ಲಲ್ಪಡುತ್ತದೆ. ಎರಡರಲ್ಲಿಯೂ ತಪ್ಪು ಪ್ರಾಣಿಯದಲ್ಲ.

ನಮ್ಮ ಕಾಯಿದೆಯೂ ಈ ವಿಷಯದಲ್ಲಿ ಕಣ್ಣು ಮುಚ್ಚಿಲ್ಲ. 1960ರ ಪ್ರಾಣಿಹಿಂಸೆ ತಡೆ ಅಧಿನಿಯಮದಂತೆ, ಹಸಿವೆ ನೀರಡಿಕೆಗಳಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ಕೈಬಿಡುವುದು ಅಪರಾಧ. ಸಾಕಿ ಬೇಸರವಾದ ಮೇಲೆ ಪಾಪನಾಶದ ಕೆರೆಯ ದಂಡೆಯಲ್ಲೋ ಕೋಟೆಯ ಕಂದಕದಲ್ಲೋ ಬಿಟ್ಟು ಬಂದು “ಸ್ವತಂತ್ರ ಮಾಡಿದೆ” ಎನ್ನುವವನಿಗೆ ಈ ಮಾತು ತಿಳಿದಿರಬೇಕು. ಅಗಣಿ ಮರೆಯುವುದು ಅಪರಾಧವಲ್ಲದಿರಬಹುದು. ಮರೆತ ಮೇಲೆ ಹುಡುಕದಿರುವುದು ಮಾತ್ರ ಅದರ ನೆರೆಯಲ್ಲಿಯೇ ನಿಲ್ಲುತ್ತದೆ.

ಹುಡುಕುವುದಕ್ಕೂ ಒಂದು ಕ್ರಮವಿದೆ. ಆ ದಿನಗಳಲ್ಲಿ ಕಲಿತೆ. ಮೊದಲು ಮನೆಯಲ್ಲಿರುವ ಇಲಿಪಾಷಾಣವನ್ನು ತೆಗೆಯಬೇಕು, ಬೆಕ್ಕನ್ನು ಹೊರಗಿಡಬೇಕು, ಬಾಗಿಲ ಸಂದಿಗಳಿಗೆ ಬಟ್ಟೆ ತುರುಕಬೇಕು. ಇರುಳು ಕೋಣೆಕೋಣೆಯಲ್ಲಿ ನಾಲ್ಕು ಕಾಳನ್ನಿಟ್ಟು, ಸುತ್ತ ಜೋಳದ ಹಿಟ್ಟನ್ನು ತೆಳ್ಳಗೆ ಉದುರಿಸಿದರೆ ಬೆಳಗ್ಗೆ ಹೆಜ್ಜೆಗಳು ಕಾಣುತ್ತವೆ. ಪಂಜರದ ಬಾಗಿಲು ತೆರೆದು ನೆಲದ ಮೇಲಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ ನೆರೆಮನೆಗಳಿಗೆ ಹೇಳಬೇಕು. ಈ ಕಡೆಯದೊಂದನ್ನು ನಾಚಿಕೆಯಿಂದ ನಾನು ಮಾಡಲಿಲ್ಲ. ನಿವೃತ್ತ ಮಾಸ್ತರನು ಮನೆಮನೆಗೆ ಹೋಗಿ “ನಮ್ಮ ಇಲಿ ಕಂಡಿತೆ” ಎಂದು ಕೇಳುವುದೆಂತು!

ನಾಲ್ಕನೆಯ ಬೆಳಗ್ಗೆ ನೆರೆಮನೆಯ ಚಾಚಾ ಇಲಿಬೋನನ್ನು ಕೈಯಲ್ಲಿ ಹಿಡಿದುಕೊಂಡು ಬಂದರು. “ಮಾಸ್ತರೇ, ಇದು ನಿಮ್ಮ ಹುಡುಗಂದು ಏನ್ ನೋಡ್ರಿ. ದಿನಾ ಹಾಂಗೇ ಬಕೇಟಿನ್ಯಾಗ ಮುಳುಗಿಸ್ಲಿಕ್ಕೆ ಹೋಗಿದ್ದೆ. ಬಣ್ಣ ನೋಡಿ ಕೈ ನಿಂತ್ತು” ಎಂದರು. ಬೋನಿನ ಮೂಲೆಯಲ್ಲಿ ಆ ಪ್ರಾಣಿಯು ಕೆನ್ನೆಯ ತುಂಬ ಚಾಚಾ ಇಟ್ಟಿದ್ದ ಶೇಂಗಾ ತುಂಬಿಕೊಂಡು ನಡುಗುತ್ತಿತ್ತು. ಅವರ ಕೈಯೂ ಸ್ವಲ್ಪ ನಡುಗುತ್ತಿತ್ತು.

ಹುಡುಗನು ಅದನ್ನು ಎದೆಗೊತ್ತಿಕೊಂಡನು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮುತ್ಯಾ, ಇದು ಬೂದಿ ಬಣ್ಣದ್ದು ಇದ್ದಿದ್ರ?” ಎಂದನು.

ಇದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ತಮ್ಮನು ತೊಗರಿಯನ್ನು ಕಾಯಲೇಬೇಕು. ಚಾಚಾ ಮನೆಯ ಕಾಳನ್ನು ಕಾಯಲೇಬೇಕು. ಗಣಪತಿಯ ಕಾಲಬಳಿ ಇಲಿಗೂ ಕಡುಬಿಟ್ಟು, ಅದೇ ಸಂಜೆ ಕಣಜದ ಮಗ್ಗುಲಲ್ಲಿ ಪಾಷಾಣ ಇಡುವವರು ನಾವು. ಈ ವಿರೋಧವನ್ನು ಬಿಡಿಸುವ ಶಕ್ತಿ ನನಗಿಲ್ಲ. ಆದರೆ ಒಂದು ಮಾತು ಸ್ಪಷ್ಟ. ಆ ಹೊಂಬಣ್ಣದ ಜೀವವನ್ನು ಸಿರಿಯಾದ ಬಿಲದಿಂದ ನಮ್ಮ ಓಣಿಯವರೆಗೆ ತಂದದ್ದು ಮನುಷ್ಯನ ಕೈ. ತಂದ ಕೈಗೆ ಬಾಗಿಲು ಮುಚ್ಚುವ ಹೊಣೆಯೂ ಸೇರಿದೆ. ಆ ಹೊಣೆ ಭಾರವೆನಿಸುವವರು ಮಕ್ಕಳಿಗೆ ಇಂತಹ ಕಾಣಿಕೆಯನ್ನು ಕೊಡದಿರುವುದೇ ಲೇಸು. ಶಾಲೆಯಲ್ಲಿ ಮಕ್ಕಳೊಡನಿರುವ ಉಪಾಧ್ಯಾಯರು ಇದನ್ನು ತಾಯಿತಂದೆಗಳಿಗೆ ತಿಳಿಸಿ ಹೇಳಬಹುದು.

ಈಗ ಪ್ರತಿ ರಾತ್ರಿ ಮಲಗುವ ಮುನ್ನ ನಾನು ಎದ್ದುಹೋಗಿ ಪಂಜರದ ಅಗಣಿಯನ್ನು ಮುಟ್ಟಿ ನೋಡುತ್ತೇನೆ. ಹಿಂದೆಯೇ ಹುಡುಗನೂ ಬಂದು, ನಾನು ನೋಡಿದುದನ್ನು ಮತ್ತೊಮ್ಮೆ ನೋಡುತ್ತಾನೆ.